ಇತಿಹಾಸದ ವ್ಯಾಸಂಗವೂ ನಾಡಿನ ಏಕೀಕರಣವೂ

ಕನ್ನಡ ನಾಡಿನ ಏಕೀಕರಣವು 1956ನೆಯ ಇಸವಿಯ ನವಂಬರ 1ನೆಯ ತಾರೀಖಿಗೆ ಮುಗಿದುಹೋದ ಕಾರ್ಯವೆಂದು ಭಾವಿಸಿ ನಿಶ್ಚಿಂತರಾಗಿರುವವರು ನಮ್ಮಲ್ಲಿ ಬಹಳ ಜನರಿದ್ದಾರೆ. ಭೂಪಟದ ಮಟ್ಟಿಗೆ ಅದು ನಿಜವೇ. ಮುಂಬಯಿ ಮದರಾಸು ಪ್ರಾಂತಗಳಲ್ಲಿಯೂ, ನಿಜಾಮರ ಸಂಸ್ಥಾನದಲ್ಲಿಯೂ, ಮೈಸೂರು ಕೊಡಗುಗಳಲ್ಲಿಯೂ ಹರಿದು ಹಂಚಿಹೋಗಿದ್ದ ಸೀಮೆಗಳು ಅಂದು ಒಂದೇ ಆಡಳಿತದ ಕೆಳಗೆ ಬಂದುವು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಸಂದಿತು. ಹೊರಗುಳಿದ ಕಾಸರಗೋಡಿನ ಮಾತನ್ನು ಇಂದಿಗೆ ಬದಿಗಿಡುತ್ತೇವೆ. ಆದರೆ ನೆಲವು ಒಂದಾದ ಮಾತ್ರಕ್ಕೆ ಆ ನೆಲದ ಚರಿತ್ರೆಯೂ ಒಂದಾಯಿತೆ? ಅದರ ಕಾಗದಪತ್ರಗಳು ಒಂದಾದುವೆ? ಅವುಗಳನ್ನು ಓದಿ ಅರ್ಥಮಾಡಬಲ್ಲ ತರುಣರು ನಮ್ಮ ಕಾಲೇಜುಗಳಿಂದ ಹೊರಬೀಳುತ್ತಿರುವರೆ? ಈ ಪ್ರಶ್ನೆಗಳನ್ನು ಇಂದು ಎತ್ತಬೇಕಾದ ಕಾರಣವು ಇತಿಹಾಸದ ಆನರ್ಸ್ ಪದವಿಗೆ ಈಚಿನ ವರ್ಷಗಳಲ್ಲಿ ಒದಗಿದ ಅವಸ್ಥೆಯೇ ಆಗಿದೆ.

ನಡೆದ ಸಂಗತಿಯನ್ನು ವಾಚಕರು ಬಲ್ಲರು. ಆದರೂ ಸಂಕ್ಷೇಪವಾಗಿ ಹೇಳುವುದು ಯುಕ್ತ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಉಚ್ಚಶಿಕ್ಷಣದಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದೆವೆಂಬ ಕೀರ್ತಿಯನ್ನು ನಮ್ಮ ರಾಜ್ಯವು ಬಯಸಿತು. 2021-22ರಲ್ಲಿ ಪದವಿಯು ನಾಲ್ಕು ವರ್ಷಗಳದಾಯಿತು; ಮೂರು ವರ್ಷ ಓದಿದವನಿಗೆ ಸಾಧಾರಣ ಪದವಿ, ನಾಲ್ಕನೆಯದನ್ನೂ ಮುಗಿಸಿದವನಿಗೆ ಆನರ್ಸ್ ಎಂದು ಏರ್ಪಾಡಾಯಿತು. ಬಳಿಕ ಸರಕಾರವು ಬದಲಾಯಿತು. ಪ್ರೊಫೆಸರ್ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿಯ ಆಯೋಗವು ನೇಮಕವಾಗಿ, ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷಗಳ ಕ್ರಮವನ್ನು ಕೈಬಿಟ್ಟು 2024-25ರಿಂದ ಮೂರು ವರ್ಷಗಳ ಪದವಿಯೇ ಮರಳಿ ಬಂದಿತು. ನಡುವಣ ಮೂರು ವರ್ಷಗಳಲ್ಲಿ ಸೇರಿದ ವಿದ್ಯಾರ್ಥಿಗಳಿಗೆ ಮಾತ್ರ ನಾಲ್ಕನೆಯ ವರ್ಷದ ಅವಕಾಶವು ಉಳಿಯಿತು. ದೆಹಲಿಯಲ್ಲಿಯೂ ಇಂತಹ ಆಟವು ಒಮ್ಮೆ ನಡೆದುದುಂಟು. ಅಲ್ಲಿಯ ವಿಶ್ವವಿದ್ಯಾನಿಲಯವು 2013ರಲ್ಲಿ ನಾಲ್ಕು ವರ್ಷವೆಂದಿತು, 2014ರಲ್ಲಿ ಮೂರೆಂದಿತು, 2022ರಲ್ಲಿ ಮತ್ತೆ ನಾಲ್ಕೆಂದಿತು.

ನಾಲ್ಕನೆಯ ವರ್ಷವು ಹೋಯಿತೆಂದು ನಾವು ಶೋಕಿಸುವುದಿಲ್ಲ. ಗ್ರಂಥಭಂಡಾರವಿಲ್ಲದ, ಇತಿಹಾಸಕ್ಕೆ ಒಬ್ಬ ಖಾಯಂ ಅಧ್ಯಾಪಕನೂ ಇಲ್ಲದ ತಾಲೂಕು ಕಾಲೇಜುಗಳಲ್ಲಿ ಆ ವರ್ಷವು ಇನ್ನೊಂದು ವರ್ಷದ ಶುಲ್ಕ, ಇನ್ನೊಂದು ವರ್ಷದ ಊಟವಸತಿಯ ಖರ್ಚು, ಇನ್ನೆರಡು ಪರೀಕ್ಷೆಗಳು ಎಂಬುದಕ್ಕಿಂತ ಹೆಚ್ಚಿನದಾಗುವ ಸಂಭವವಿರಲಿಲ್ಲ. ಬಡವರ ಮಕ್ಕಳಿಗೆ ಅದು ಭಾರವೆಂದವರ ಮಾತು ಸಟೆಯಲ್ಲ. ನಮ್ಮ ಆಕ್ಷೇಪವು ಬೇರೆಯದು. ವರ್ಷಗಳ ಎಣಿಕೆಯ ಜಗಳದಲ್ಲಿ ಆನರ್ಸ್ ಎಂದರೇನೆಂಬ ಮೂಲಪ್ರಶ್ನೆಯನ್ನು ತಂದವರೂ ಕೇಳಲಿಲ್ಲ, ತೆಗೆದವರೂ ಕೇಳಲಿಲ್ಲ. ಒಬ್ಬರು ನಾಲ್ಕನೆಯ ವರ್ಷವೇ ಆನರ್ಸ್ ಎಂದು ತಿಳಿದರು. ಇನ್ನೊಬ್ಬರು ಅದನ್ನು ಕಿತ್ತರೆ ಆನರ್ಸೂ ಹೋಯಿತು, ಪೀಡೆ ಕಳೆಯಿತು ಎಂದು ತಿಳಿದರು. ಮಗುವಿನ ಅಂಗಿ ಉದ್ದವಾಯಿತೆ ಗಿಡ್ಡವಾಯಿತೆ ಎಂದು ಅಪ್ಪನೂ ಅವ್ವನೂ ವಾದಿಸುತ್ತಿರುವಾಗ ಮಗುವು ಹಸಿದು ಮಲಗಿದಂತಾಯಿತು.

ಆನರ್ಸ್ ಎಂಬುದರ ಹುಟ್ಟನ್ನು ಸ್ವಲ್ಪ ನೋಡಬೇಕು. ಇಂಗ್ಲಂಡದ ಆಕ್ಸಫರ್ಡಿನಲ್ಲಿ ವಿಲಿಯಂ ಸ್ಟಬ್ಸ್ ಎಂಬ ಇತಿಹಾಸಾಚಾರ್ಯನು 1870ರಲ್ಲಿ ತನ್ನ ದೇಶದ ಹಳೆಯ ಸನ್ನದುಗಳನ್ನೂ ಶಾಸನಪತ್ರಗಳನ್ನೂ ಆಯ್ದು ಒಂದು ಸಂಪುಟವಾಗಿ ಅಚ್ಚುಹಾಕಿಸಿದನು. ಎರಡು ಮೂರು ತಲೆಮಾರುಗಳ ಆನರ್ಸ್ ವಿದ್ಯಾರ್ಥಿಗಳು ಆ ಲ್ಯಾಟಿನ್ ಪತ್ರಗಳನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದು ಶಬ್ದಕ್ಕೂ ಅರ್ಥ ಹಚ್ಚಿ, ಅರಸನು ಏನು ಕೊಟ್ಟನು, ಯಾರಿಗೆ ಕೊಟ್ಟನು, ಏಕೆ ಕೊಟ್ಟನು ಎಂದು ತಾವೇ ಕಂಡುಹಿಡಿಯಬೇಕಾಗಿತ್ತು. ಅಮೇರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಸ್ವಾರ್ಥಮೋರ್ ಎಂಬ ಸಣ್ಣ ಕಾಲೇಜುಂಟು. ಆಕ್ಸಫರ್ಡಿನಲ್ಲಿ ಓದಿ ಬಂದಿದ್ದ ಅದರ ಅಧ್ಯಕ್ಷ ಫ್ರಾಂಕ್ ಎಡೆಲೊಟ್ ಎಂಬವರು 1922ರಲ್ಲಿ ಅಲ್ಲಿ ಆನರ್ಸ್ ಕ್ರಮವನ್ನು ಆರಂಭಿಸಿದರು. ಕಡೆಯ ಎರಡು ವರ್ಷಗಳಲ್ಲಿ ಆಯ್ದ ವಿದ್ಯಾರ್ಥಿಗಳಿಗೆ ಸಾಧಾರಣ ತರಗತಿಗಳಿಂದ ಬಿಡುಗಡೆ. ವಾರವಾರವೂ ಆರೇಳು ಜನರ ಚಿಕ್ಕ ಗೋಷ್ಠಿಯಲ್ಲಿ ತಾವು ಬರೆದುದನ್ನು ಓದಿ ವಾದಿಸುವ ಹೊಣೆ. ಕೊನೆಗೆ ಪರೀಕ್ಷೆಯನ್ನು ಮಾಡುವವರು ಪಾಠ ಹೇಳಿದ ಗುರುಗಳಲ್ಲ, ಹೊರಗಿನ ವಿಶ್ವವಿದ್ಯಾನಿಲಯಗಳಿಂದ ಬಂದ ವಿದ್ವಾಂಸರು. ಬರೆದುದನ್ನು ಓದಿದ ಮೇಲೆ ಎದುರಿಗೆ ಕುಳ್ಳಿರಿಸಿಕೊಂಡು ಬಾಯಿಂದಲೂ ಅವರು ಪ್ರಶ್ನಿಸುತ್ತಾರೆ. ಈ ಕಡೆಯ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ನಮ್ಮಲ್ಲಿಯೂ ಇದು ಅಪರಿಚಿತವಾದ ವಸ್ತುವಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜಾ ಕಾಲೇಜಿನಲ್ಲಿ ಆನರ್ಸ್ ತರಗತಿಗಳು ಬಹುಕಾಲ ನಡೆದುವು. ಅಲ್ಲಿಯ ಇತಿಹಾಸದ ಅಧ್ಯಾಪಕರಾಗಿದ್ದ ಎಸ್. ಶ್ರೀಕಂಠಶಾಸ್ತ್ರಿಗಳು 1940ರಲ್ಲಿ ಕರ್ನಾಟಕದ ಇತಿಹಾಸದ ಮೂಲಾಧಾರಗಳನ್ನು, ಅಂದರೆ ಶಾಸನಗಳ ಮತ್ತು ಕಾವ್ಯಗಳ ಐತಿಹಾಸಿಕ ಭಾಗಗಳನ್ನು, ಒಟ್ಟುಗೂಡಿಸಿ ವಿಶ್ವವಿದ್ಯಾನಿಲಯದ ಮೂಲಕ ಪ್ರಕಟಿಸಿದರು. ಸ್ಟಬ್ಸನು ಇಂಗ್ಲಂಡಕ್ಕೆ ಮಾಡಿದುದು ಯಾವುದೋ ಅದೇ ಕೆಲಸವು ಎಪ್ಪತ್ತು ವರ್ಷಗಳ ತರುವಾಯ ನಮ್ಮ ನಾಡಿಗೆ ಆಯಿತು. ಆ ಕಾಲೇಜಿನಲ್ಲಿಯೇ ಇತಿಹಾಸವನ್ನು ಬೋಧಿಸುತ್ತ ಪುರಾತತ್ವ ಇಲಾಖೆಯನ್ನೂ ನೋಡಿಕೊಳ್ಳುತ್ತಿದ್ದ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಬೋಧಕನೇ ಅಗೆಯುವವನೂ ಆಗಿದ್ದರೆ ವಿದ್ಯಾರ್ಥಿಗೆ ದೊರೆಯುವ ಲಾಭವೇ ಬೇರೆ. ಇಂದು ನಮ್ಮ ಕಾಲೇಜುಗಳ ಇತಿಹಾಸದ ಪದವೀಧರರಲ್ಲಿ ಎಷ್ಟು ಮಂದಿ ಒಂದು ಶಾಸನದ ಒಂದು ಸಾಲನ್ನಾದರೂ ಕಲ್ಲಿನ ಮೇಲೆ ಬೆರಳಿಟ್ಟು ಓದಬಲ್ಲರು? ಮಾರುಕಟ್ಟೆಯಲ್ಲಿ ಸಿಕ್ಕುವ ಗೈಡುಗಳನ್ನು ಬಿಟ್ಟು ಎಷ್ಟು ಮಂದಿ ಒಂದು ಮೂಲಪತ್ರವನ್ನು ಕಣ್ಣಿನಿಂದ ಕಂಡಿದ್ದಾರೆ?

ವಕೀಲಿಯ ವೃತ್ತಿಯಲ್ಲಿರುವವರಿಗೆ ಒಂದು ರೂಢಿ ಬಿದ್ದಿರುತ್ತದೆ. ಕೇಳಿದ ಮಾತಿಗೂ ಕಂಡ ಮಾತಿಗೂ ಭೇದ ಮಾಡದೆ ಅವರು ಮುಂದಕ್ಕೆ ಅಡಿಯಿಡಲಾರರು. ಮೂಲದಸ್ತೈವಜು ಎಲ್ಲಿ, ನಕಲು ಯಾರು ಮಾಡಿದರು, ಸಾಕ್ಷಿಗೆ ಇದರಲ್ಲಿ ಸ್ವಹಿತವುಂಟೆ, ಪಾಟೀಸವಾಲಿನಲ್ಲಿ ಆತನು ನಿಲ್ಲುವನೆ ಎಂಬ ನಾಲ್ಕು ಪ್ರಶ್ನೆಗಳನ್ನು ನ್ಯಾಯಾಲಯದಲ್ಲಿ ಕಿರಿಯ ವಕೀಲನೂ ಕೇಳುತ್ತಾನೆ. ಇತಿಹಾಸದ ಪದವಿಯನ್ನು ಪಡೆದ ತರುಣನು ಮಾತ್ರ ಇವುಗಳಲ್ಲಿ ಒಂದನ್ನೂ ಕೇಳದೆಯೇ ಪದವೀಧರನಾಗುತ್ತಾನೆ! ನಮ್ಮ ಅಭಿಪ್ರಾಯದಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಕಲಿಸುವುದೇ ಆನರ್ಸ್. ಅದಕ್ಕೆ ಮೂರು ವರ್ಷ ಸಾಕೋ ನಾಲ್ಕು ಬೇಕೋ ಎಂಬುದು ಆಮೇಲಿನ ವಿಚಾರ.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸುತ್ತೇವೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ಸಿನ ಬಾವುಟವನ್ನು ಹಾರಿಸಲು ಕೂಡಿದ್ದ ಜನರ ಮೇಲೆ ಮೈಸೂರು ಪೋಲೀಸರು ಗುಂಡು ಹಾರಿಸಿದರು. ಕೆಲವೇ ದಿನಗಳ ಹಿಂದೆ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವು ನಡೆದಿತ್ತು. ದೇಶವೆಲ್ಲ ತಲ್ಲಣಿಸಿತು, ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು, ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆಯ ಸಮಿತಿಯೂ ಕುಳಿತಿತು. ಸತ್ತವರೆಷ್ಟು ಜನ? ಸರಕಾರವು ಹೇಳಿದ ಸಂಖ್ಯೆಯೊಂದು. ಜನರು ಹೇಳಿದುದು ಅದಕ್ಕಿಂತ ಬಹಳ ಹೆಚ್ಚಿನದು. ನಮ್ಮ ಶಾಲೆಗಳಲ್ಲಿ ಈ ಘಟನೆಯನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ.

ಈಗ ಒಬ್ಬ ಆನರ್ಸ್ ವಿದ್ಯಾರ್ಥಿಗೆ ಇದನ್ನು ಒಪ್ಪಿಸಿ ನೋಡಿರಿ. ಅವನು ಮೊದಲು ವಿಚಾರಣಾ ಸಮಿತಿಯ ವರದಿಯನ್ನು ಹಿಡಿಯಬೇಕು. ಅದರ ಮುಂದೆ ಸಾಕ್ಷಿ ನುಡಿದವರು ಯಾರು, ನುಡಿಯದೆ ಉಳಿದವರು ಯಾರು, ಏಕೆ ಉಳಿದರು ಎಂದು ವಿಚಾರಿಸಬೇಕು. ಅಂದಿನ ಪತ್ರಿಕೆಗಳನ್ನು ದಿನದಿನದಂತೆ ಓದಬೇಕು. ಮೊದಲನೆಯ ದಿನದ ಸುದ್ದಿಗೂ ಹತ್ತನೆಯ ದಿನದ ಸುದ್ದಿಗೂ ಅಂತರವಿದ್ದರೆ ಆ ಅಂತರದ ಕಾರಣವನ್ನು ಹುಡುಕಬೇಕು. ಬೆಂಗಳೂರಿನ ಪತ್ರಾಗಾರದಲ್ಲಿ ಪೋಲೀಸ್ ಇಲಾಖೆಯ ಕಡತಗಳಿಗೆ ಅರ್ಜಿ ಹಾಕಬೇಕು. ಗಾಯಗೊಂಡವರನ್ನು ಯಾವ ಆಸ್ಪತ್ರೆಗೆ ಸಾಗಿಸಿದರೆಂಬುದನ್ನೂ, ಊರಿನ ಮರಣದ ಲೆಕ್ಕವನ್ನೂ ನೋಡಬೇಕು. ಸುತ್ತಲಿನ ಹಳ್ಳಿಗಳಿಗೆ ಹೋಗಿ, ಸತ್ತವರ ಮನೆತನದವರನ್ನು ಕಂಡು, ಅಜ್ಜ ಅಜ್ಜಿಯರಿಂದ ಕೇಳಿ ಉಳಿದುದನ್ನು ಬರೆದುಕೊಳ್ಳಬೇಕು. ಆ ಸೀಮೆಯಲ್ಲಿ ತೆಲುಗು ಮನೆಮಾತಾದವರು ಬಹಳ; ಆದುದರಿಂದ ಅವನಿಗೆ ತೆಲುಗೂ ಬರಬೇಕು. ಇಷ್ಟೆಲ್ಲ ಆದ ಮೇಲೆ ಅವನು ಹೆಸರು ಹೆಸರಾಗಿ ಒಂದು ಪಟ್ಟಿಯನ್ನು ಮಾಡಿ, ಈ ಹೆಸರಿಗೆ ಮೂರು ಆಧಾರಗಳುಂಟು, ಇದಕ್ಕೆ ಒಂದೇ, ಇದಕ್ಕೆ ಕೇಳಿಕೆಯ ಹೊರತು ಬೇರೆ ಆಧಾರವಿಲ್ಲ ಎಂದು ಬರೆಯಬಲ್ಲವನಾದರೆ, ಆ ಮೂವತ್ತು ಪುಟಗಳು ನಮ್ಮ ಸಭೆಗಳ ಮುನ್ನೂರು ಭಾಷಣಗಳಿಗಿಂತ ಹುತಾತ್ಮರಿಗೆ ಹೆಚ್ಚಿನ ಗೌರವವನ್ನು ಸಲ್ಲಿಸುತ್ತವೆ. ಅವರ ಸಂಖ್ಯೆಯು ಜನರು ಹೇಳುವುದಕ್ಕಿಂತ ಕಡಮೆಯೆಂದು ಕಂಡುಬಂದರೂ ಅವರ ಬಲಿದಾನವು ಕಡಮೆಯಾಗದು. ಸರಕಾರವು ಹೇಳಿದುದಕ್ಕಿಂತ ಹೆಚ್ಚೆಂದು ಸ್ಥಾಪಿತವಾದರೆ ಅದನ್ನು ಇನ್ನಾರೂ ಅಲ್ಲಗಳೆಯಲಾರರು.

ದೇಶಭಕ್ತಿಯ ಪತ್ರಿಕೆಯೊಂದು ಹೀಗೆ ಹೇಳಬಹುದೆ ಎಂದು ಕೆಲವರು ಹುಬ್ಬೇರಿಸಬಹುದು. 1917ರಲ್ಲಿ ಆಲೂರು ವೆಂಕಟರಾಯರು ತಮ್ಮ ಕರ್ನಾಟಕ ಗತವೈಭವವನ್ನು ಪ್ರಕಟಿಸಿದಾಗ ನಾಡು ನಿದ್ರೆಯಲ್ಲಿತ್ತು; ತಾನು ಯಾರೆಂಬುದನ್ನೇ ಮರೆತಿದ್ದವನನ್ನು ಎಬ್ಬಿಸುವಾಗ ಮೆಲ್ಲನೆ ಮಾತನಾಡಿದರೆ ನಡೆಯದು. ಆ ಗ್ರಂಥವು ತನ್ನ ಕಾರ್ಯವನ್ನು ಪೂರ್ಣವಾಗಿ ಮಾಡಿತು. ಎಚ್ಚತ್ತು ಕುಳಿತವನಿಗೆ ಬೇಕಾದುದು ತನ್ನ ಆಸ್ತಿಯ ಸರಿಯಾದ ಯಾದಿ. ಸ್ವಯಂ ಆಲೂರರೇ ವಕೀಲರಾಗಿದ್ದರು, ಊರೂರು ತಿರುಗಿ ಹಾಳುಗುಡಿಗಳನ್ನೂ ಶಾಸನಗಳನ್ನೂ ನೋಡಿದವರು, ಧಾರವಾಡದಲ್ಲಿ ಇತಿಹಾಸ ಸಂಶೋಧನೆಗಾಗಿ ಮಂಡಲಿಯನ್ನು ಕಟ್ಟಿದವರು ಎಂಬುದನ್ನು ನಾವು ಮರೆಯತಕ್ಕದ್ದಲ್ಲ.

ಇನ್ನು ಏಕೀಕರಣದ ಮಾತಿಗೆ ಬರೋಣ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದನು. ಅವನ ರಾಜ್ಯಭಾರದ ಮೇಲೆ ಪ್ರಬಂಧವನ್ನು ಬರೆಯಲು ಹೊರಟ ವಿದ್ಯಾರ್ಥಿಯ ಪಾಡನ್ನು ಕೇಳಿರಿ. ರಾಜಧಾನಿಯು ನಿಜಾಮರ ಸೀಮೆಯಲ್ಲಿದ್ದುದರಿಂದ ಅಲ್ಲಿಯ ಶಾಸನಗಳು ಹೈದರಾಬಾದಿನ ಪುರಾತತ್ವ ಇಲಾಖೆಯ ಮಾಲೆಗಳಲ್ಲಿ ಬಂದುವು. ಗದಗು, ಡಂಬಳ, ಲಕ್ಕುಂಡಿಗಳು ಮುಂಬಯಿ ಪ್ರಾಂತದವು. ಅವುಗಳಿಗಾಗಿ ದಕ್ಷಿಣ ಭಾರತ ಶಾಸನಮಾಲೆಯ 11ನೆಯ ಸಂಪುಟ ಮತ್ತು ಅದರ ಮುಂದಿನವು. ಬಳ್ಳಾರಿ ಜಿಲ್ಲೆಯು ಮದರಾಸಿನದು. ಅದಕ್ಕೆ ಅದೇ ಮಾಲೆಯ 9ನೆಯ ಸಂಪುಟ. ಬಳ್ಳಿಗಾವೆಯು ಮೈಸೂರಿನದು, ಅದಕ್ಕೆ ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗೆಯ ಸಂಪುಟ. ಒಬ್ಬ ಅರಸ, ಒಂದು ಭಾಷೆ, ಒಂದೇ ಲಿಪಿ. ಅವನ ಮಾತುಗಳು ಮಾತ್ರ ನಾಲ್ಕು ಸರಕಾರಗಳ ನಾಲ್ಕು ಕಪಾಟುಗಳಲ್ಲಿ. ಅಶೋಕನ ಗತಿಯೂ ಇದೇ. ರೈಸರು 1892ರಲ್ಲಿ ಬ್ರಹ್ಮಗಿರಿಯಲ್ಲಿ ಕಂಡ ಶಾಸನವು ಮೈಸೂರಿನದೆನಿಸಿತು. 1915ರಲ್ಲಿ ದೊರೆತು, ದೇವಾನಾಂಪ್ರಿಯನೇ ಅಶೋಕನೆಂದು ಅವನ ಸ್ವಂತ ಹೆಸರಿನಿಂದಲೇ ಜಗತ್ತಿಗೆ ತಿಳಿಸಿದ ಮಸ್ಕಿಯ ಶಾಸನವು ನಿಜಾಮರದೆನಿಸಿತು.

ಕಲ್ಲಿನ ಶಾಸನಗಳು ಅಚ್ಚಾದರೂ ಆಗಿವೆ; ಕಾಗದದ ದಾಖಲೆಗಳ ಅವಸ್ಥೆ ಇನ್ನೂ ಕಠಿಣ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಮೇಲೆ ಮುಂಬಯಿ ಸರಕಾರವು ಬಹುಕಾಲ ನಡೆಸಿದ ಪತ್ರವ್ಯವಹಾರವು ಮುಂಬಯಿಯ ಪತ್ರಾಗಾರದಲ್ಲಿದೆ. ಅದಕ್ಕೆ ಹಿಂದಿನ ಪೇಶವೆಯವರ ದಫ್ತರವು ಪುಣೆಯಲ್ಲಿದೆ, ಅದೂ ಮೋಡಿ ಲಿಪಿಯಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿಗಳ ಕಾಗದಗಳು ಚೆನ್ನೈಯ ಎಗ್ಮೋರಿನಲ್ಲಿವೆ. ಕಲಬುರ್ಗಿ, ಬೀದರ, ರಾಯಚೂರುಗಳವು ಹೈದರಾಬಾದಿನ ತಾರ್ನಾಕಾದಲ್ಲಿ, ಪಾರಸಿಯಲ್ಲಿಯೂ ಉರ್ದುವಿನಲ್ಲಿಯೂ ಇವೆ. 1824ರ ಕಿತ್ತೂರಿನ ಕಾಳಗವನ್ನು ಕುರಿತು ಬರೆಯುವ ಕಿತ್ತೂರಿನ ಹುಡುಗಿಯು ತನ್ನ ಊರಿನ ಕಥೆಗಾಗಿ ಮುಂಬಯಿಗೆ ಹೋಗಬೇಕು, ಪುಣೆಗೆ ಹೋಗಬೇಕು. ನೆಲವು ಒಂದಾಗಿ ಏಳು ದಶಕಗಳಾಗುತ್ತ ಬಂದರೂ ದಫ್ತರಗಳು ಇನ್ನೂ ಹಳೆಯ ದೊರೆಗಳ ಊರುಗಳಲ್ಲಿಯೇ ಕುಳಿತಿವೆ. ಮೂಲಪತ್ರಗಳನ್ನು ಅಲ್ಲಿಂದ ಕಿತ್ತು ತರಬೇಕೆಂದು ನಾವು ಹೇಳುವುದಿಲ್ಲ. ಪತ್ರಾಗಾರಗಳನ್ನು ಒಡೆಯುವುದು ವಿವೇಕವಲ್ಲ. ಆದರೆ ಛಾಯಾಪ್ರತಿಗಳನ್ನು ತೆಗೆದು ಗಣಕಯಂತ್ರದ ಮೂಲಕ ಧಾರವಾಡದಲ್ಲಿಯೂ ಕಲಬುರ್ಗಿಯಲ್ಲಿಯೂ ಮಂಗಳೂರಿನಲ್ಲಿಯೂ ಓದುವಂತೆ ಮಾಡುವುದು ಈ ಕಾಲದಲ್ಲಿ ಅಸಾಧ್ಯವಾದ ಕೆಲಸವಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯು ಆ ನಗರದ ಸುತ್ತಲಿನ ಶಾಸನಗಳನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿ ಸೆರೆಹಿಡಿದು ಜನರ ಮುಂದಿಡುತ್ತಿರುವುದನ್ನು ನೋಡಿದರೆ, ಒಂದು ಸಂಸ್ಥೆಯಿಂದ ಆಗುವುದು ಒಂದು ಸರಕಾರದಿಂದ ಏಕಾಗದು ಎಂದು ಕೇಳದೆ ಇರಲಾಗದು.

ಕೈಫಿಯತ್ತೆಂಬ ಶಬ್ದದ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಬೇಕೆನಿಸುತ್ತದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕರ್ನಲ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿ ಮಾಡುತ್ತ ಊರೂರುಗಳ ಕೈಫಿಯತ್ತುಗಳನ್ನು ಬರೆಯಿಸಿಕೊಂಡನು. ಅವುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ. ನಮ್ಮ ಭಾಗದ ಕೋರ್ಟುಗಳಲ್ಲಿ ಕೈಫಿಯತ್ತೆಂದರೆ ಪ್ರತಿವಾದಿಯು ತನ್ನ ಪರವಾಗಿ ಬರೆದುಕೊಡುವ ಹೇಳಿಕೆ. ಊರಿನ ಕೈಫಿಯತ್ತಿಗೂ ಆ ಗುಣವು ಇಲ್ಲದಿಲ್ಲ: ತಮ್ಮ ಮನೆತನಕ್ಕೆ ಮಾನ್ಯವು ಎಂದು ಬಂದಿತು, ಯಾರಿಂದ ಬಂದಿತು ಎಂದು ಊರಿನ ಗೌಡನೂ ಶಾನುಭೋಗನೂ ಹೊಸ ಸರಕಾರದ ಮುಂದೆ ಹೇಳಿಕೊಂಡ ಮಾತುಗಳು ಅವು. ಹಾಗೆಂದು ತಳ್ಳಿಹಾಕತಕ್ಕವಲ್ಲ, ಪಕ್ಷಗಾರನ ಮಾತೆಂದು ತಿಳಿದು ಓದತಕ್ಕವು. ಇಷ್ಟು ವಿವೇಕವನ್ನು ಇಪ್ಪತ್ತರ ಹರೆಯದಲ್ಲಿ ಕಲಿತ ತರುಣನು ಮುಂದೆ ಯಾವ ಉದ್ಯೋಗಕ್ಕೆ ಹೋದರೂ ಕೆಡಲಾರನು.

ವಿಶ್ವವಿದ್ಯಾನಿಲಯಗಳಾದರೂ ನಾಡನ್ನು ಒಂದುಗೂಡಿಸುತ್ತಿರುವುವೆ ಎಂದರೆ ಅದೂ ಇಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿದಾಗ ಕನ್ನಡಿಗರು ಎರಡನೆಯ ಸರಸ್ವತೀಮಂದಿರವಾಯಿತೆಂದು ಹಿಗ್ಗಿದರು. ಅಲ್ಲಿಂದ ಮುಂದೆ ಒಂದೊಂದಾಗಿ ಹೆಚ್ಚುತ್ತ, 2023ರಲ್ಲಿ ಬೀದರ, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆಗಳೆಂದು ಜಿಲ್ಲೆಗೊಂದರಂತೆ ಏಳು ಒಟ್ಟಿಗೆ ಹುಟ್ಟಿದುವು; 2025ರ ಹೊತ್ತಿಗೆ ಹೊಸವುಗಳಲ್ಲಿ ಹಲವನ್ನು ಮುಚ್ಚುವ ಮಾತೂ ಕೇಳಿಬಂದಿತು. ಹೆರುವುದಕ್ಕೂ ಅವಸರ, ಮಣ್ಣು ಮಾಡುವುದಕ್ಕೂ ಅವಸರ! ಜಿಲ್ಲೆಯ ಹುಡುಗನು ಜಿಲ್ಲೆಯಲ್ಲಿಯೇ ಓದಿ, ಜಿಲ್ಲೆಯ ಗುರುಗಳಿಂದಲೇ ಪರೀಕ್ಷಿತನಾಗಿ, ಜಿಲ್ಲೆಯ ಪದವಿಯನ್ನು ಪಡೆದರೆ, 1956ರಲ್ಲಿ ಅಳಿಸಿದ ಗೆರೆಗಳಿಗಿಂತ ಹೆಚ್ಚಿನ ಗೆರೆಗಳನ್ನು ನಾವೇ ಎಳೆದಂತಾಗುವುದು.

ಸ್ವಾರ್ಥಮೋರಿನ ಹೊರಗಿನ ಪರೀಕ್ಷಕರನ್ನು ನೆನಪಿನಲ್ಲಿಡಿರೆಂದು ಮೇಲೆ ಕೋರಿದುದು ಇದಕ್ಕಾಗಿಯೇ. ಬೀದರದ ವಿದ್ಯಾರ್ಥಿಯ ಪ್ರಬಂಧವನ್ನು ಮಂಗಳೂರಿನ ವಿದ್ವಾಂಸರೂ, ಮಂಗಳೂರಿನವನದನ್ನು ಧಾರವಾಡದವರೂ, ಹಾಸನದವಳದನ್ನು ಕಲಬುರ್ಗಿಯವರೂ ಪರೀಕ್ಷಿಸಲಿ. ಬರೆದವನನ್ನು ಎದುರಿಗೆ ಕರೆದು ಅರ್ಧ ತಾಸು ಪಾಟೀಸವಾಲು ಮಾಡಲಿ. ಯಂತ್ರಕ್ಕೆ ಹೇಳಿ ಪ್ರಬಂಧವನ್ನು ಬರೆಯಿಸಿಕೊಳ್ಳುವುದು ಹುಡುಗರಿಗೆ ಸುಲಭವಾಗಿರುವ ಈ ದಿನಗಳಲ್ಲಿ ಬಾಯಿಪರೀಕ್ಷೆಯ ಬೆಲೆಯು ಇಮ್ಮಡಿಯಾಗಿದೆ. ಇದಕ್ಕೆ ನಾಲ್ಕನೆಯ ವರ್ಷವು ಬೇಕೇ ಬೇಕೆಂದೇನೂ ಇಲ್ಲ. ಮೂರು ವರ್ಷಗಳ ಪದವಿಯಲ್ಲಿಯೇ ಕಡೆಯ ವರ್ಷದ ಎರಡು ಪತ್ರಿಕೆಗಳ ಬದಲಾಗಿ, ಇಚ್ಛೆಯುಳ್ಳವರಿಗೆ ಮಾತ್ರ, ಮೂಲಾಧಾರಗಳ ಗೋಷ್ಠಿಯೊಂದು ಮತ್ತು ಪ್ರಬಂಧವೊಂದು ಎಂದು ಏರ್ಪಡಿಸಿ, ಉತ್ತೀರ್ಣರಾದವರ ಪದವಿಪತ್ರದಲ್ಲಿ ಆನರ್ಸ್ ಎಂದು ನಮೂದಿಸಲು ಯಾವ ಅಡ್ಡಿಯಿದೆ? ಮುಂದೆ ನಾಲ್ಕನೆಯ ವರ್ಷವು ಮರಳಿದರೆ ಮರಳಲಿ. ಅದಕ್ಕೆ ಒಳಗೆ ತುಂಬಲು ಒಂದು ವಸ್ತುವಾದರೂ ಸಿದ್ಧವಾಗಿರುವುದು.

ಯಾರಿಗೆ ಪ್ರವೇಶವೆಂಬ ವಿಷಯದಲ್ಲಿ ನಮ್ಮದೊಂದು ತಕರಾರಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷಗಳ ಪದವಿಗೆ 120 ಕ್ರೆಡಿಟ್‌ಗಳು, ಆನರ್ಸ್‌ಗೆ 160; ಮೊದಲಿನ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ 75ರಷ್ಟು ಅಂಕಗಳನ್ನು ಪಡೆದವರಿಗೆ ಮಾತ್ರ ಸಂಶೋಧನೆಯೊಡನೆ ಆನರ್ಸ್, ಅದರಲ್ಲಿ ಪ್ರಬಂಧಕ್ಕೆ 12. ಗೈಡನ್ನು ಬಾಯಿಪಾಠ ಮಾಡಿದವನಿಗೆ 75 ಸುಲಭವಾಗಿ ದೊರೆಯುವ ಪರೀಕ್ಷೆಗಳನ್ನಿಟ್ಟುಕೊಂಡು, ಅದೇ ಅಂಕವನ್ನು ಸಂಶೋಧನೆಯ ಹೆಬ್ಬಾಗಿಲಿನ ಬೀಗದ ಕೈಯಾಗಿ ಮಾಡುವುದು ಯಾವ ನ್ಯಾಯ? ತನ್ನ ಊರಿನ ವೀರಗಲ್ಲಿನ ಮುಂದೆ ಕುಳಿತು ಅಕ್ಷರಗಳನ್ನು ಕೂಡಿಸಿ ಓದಲು ಹವಣಿಸುವ ಹುಡುಗನಿಗೆ 58 ಬಂದಿರಬಹುದು. ಒಂದು ಮೂಲಪತ್ರವನ್ನು ಮುಂದಿಟ್ಟು, ಇದರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಬಾರದು ಎಂದು ಎರಡು ಪುಟ ಬರೆಯಿಸಿ ಆಯ್ಕೆ ಮಾಡಿದರೆ ನಿಜವಾದ ಆಸಕ್ತಿಯು ಹೊರಬೀಳುವುದು. ಆಯ್ಕೆಯಾದವರಿಗೆ ಮುಂಬಯಿಗೋ ಹೈದರಾಬಾದಿಗೋ ಹೋಗಿಬರುವ ರೈಲುಖರ್ಚನ್ನೂ ಹದಿನೈದು ದಿನಗಳ ವಸತಿಯನ್ನೂ ಸರಕಾರವು ಕೊಡಬೇಕು. ಹಾಗೆ ಕೊಡದಿದ್ದರೆ ಆನರ್ಸೆಂಬುದು ಉಳ್ಳವರ ಮಕ್ಕಳ ಅಲಂಕಾರವಾಗುವುದೆಂಬ ಆರೋಪವು ನಿಜವಾಗುವುದು. ಆಗ ಅದನ್ನು ತೆಗೆದುಹಾಕಿದವರನ್ನು ದೂರುವ ಬಾಯಿ ನಮಗೂ ಇರದು.

ಪ್ರಬಂಧವನ್ನು ಕನ್ನಡದಲ್ಲಿ ಬರೆಯುವ ಹಕ್ಕು ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿ ಬಂದಿರುವುದೇ ನಾಚಿಕೆಯ ವಿಷಯ. ನಮ್ಮ ಕಲಾ ಕಾಲೇಜುಗಳಲ್ಲಿ ಇತಿಹಾಸವನ್ನು ಕನ್ನಡದಲ್ಲಿ ಓದುವ ವಿದ್ಯಾರ್ಥಿಗಳೇ ಬಹಳ. ಅವರ ಮೂಲಾಧಾರಗಳೂ ಹೆಚ್ಚಾಗಿ ಕನ್ನಡದವೇ. ನಡುವೆ ಇಂಗ್ಲೀಷನ್ನು ದಲಾಲನಂತೆ ನಿಲ್ಲಿಸುವುದರಿಂದ ಶಾಸನದ ಒಕ್ಕಲು ಎಂಬ ಶಬ್ದವು ಟೆನಂಟ್ ಆಗಿ, ಮತ್ತೆ ಕನ್ನಡಕ್ಕೆ ಗೇಣಿದಾರನಾಗಿ ಹಿಂತಿರುಗಿ, ಅರ್ಥವೇ ಬದಲಾಗುತ್ತದೆ. ಅದರ ಬದಲು ವಿದ್ಯಾರ್ಥಿಗೆ ಹಳಗನ್ನಡವನ್ನೂ, ಭಾಗಕ್ಕೆ ತಕ್ಕಂತೆ ಮೋಡಿಯನ್ನೋ ಉರ್ದುವನ್ನೋ ತುಳುವನ್ನೋ ಕಲಿಸುವ ಏರ್ಪಾಡಾಗಲಿ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿಗಳನ್ನು ನಡೆಸುತ್ತ ಬಂದಿದೆ. ಕಾಲೇಜುಗಳು ಅದರೊಡನೆ ಕೈಜೋಡಿಸಲು ಹೊಸ ಆಯೋಗವೇನೂ ಬೇಕಾಗಿಲ್ಲ.

ಈ ಪತ್ರಿಕೆಯ ವಾಚಕರಲ್ಲಿ ಶಾಲಾಮಾಸ್ತರರು ಬಹಳ ಮಂದಿ. ಕಾಲೇಜಿನ ವಿಚಾರವು ತಮಗೇಕೆಂದು ಅವರು ತಿಳಿಯಬಾರದು. ಅವರ ಶಾಲೆಗೆ ನಾಳೆ ಬರುವ ಇತಿಹಾಸದ ಶಿಕ್ಷಕನು ಈ ಕಾಲೇಜುಗಳಿಂದಲೇ ಬರತಕ್ಕವನು. ಅವನು ಮೂಲಪತ್ರವನ್ನೇ ಕಾಣದವನಾದರೆ ಮಕ್ಕಳಿಗೆ ಇಸವಿಗಳನ್ನಲ್ಲದೆ ಬೇರೇನನ್ನು ಕೊಟ್ಟಾನು? ಇದಲ್ಲದೆ ಅವರಿಂದ ಈಗಲೇ ಆಗಬೇಕಾದ ಒಂದು ಕೆಲಸವಿದೆ. ಗ್ರಾಮಾಧಿಕಾರಗಳನ್ನು ರದ್ದುಪಡಿಸುವ 1961ರ ಕಾಯಿದೆಯ ತರುವಾಯ ಕುಲಕರ್ಣಿ, ಶಾನುಭೋಗ, ಗೌಡ, ಪಾಟೀಲರ ವಂಶಪಾರಂಪರ್ಯದ ಅಧಿಕಾರವು ಹೋಯಿತು. ಅವರ ಮನೆಗಳ ಅಟ್ಟದ ಮೇಲಿದ್ದ ಖಾಸಗಿ ಕಡತ, ಲಾವಣಿಯ ಲೆಕ್ಕ, ಸಾಲಪತ್ರ, ಬಾಡಪತ್ರಗಳು ಮಾತ್ರ ಬಟ್ಟೆಯ ಗಂಟಿನಲ್ಲಿ ಅಲ್ಲಿಯೇ ಉಳಿದುವು. ಹಳೆಯ ಮನೆಗಳು ಬಿದ್ದು ಸಿಮೆಂಟಿನವು ಏಳುತ್ತಿರುವ ಈ ಕಾಲದಲ್ಲಿ ಆ ಗಂಟುಗಳು ಗೆದ್ದಲಿಗೋ ಗುಜರಿಗೋ ಸಲ್ಲುತ್ತಿವೆ. ಮಾಸ್ತರರಿಗೆ ಊರಿನಲ್ಲಿ ಇರುವ ಗೌರವವು ಸರಕಾರದ ಅಧಿಕಾರಿಗೆ ಇಲ್ಲ. ಅವರು ಕೇಳಿದರೆ ಮನೆಯವರು ಗಂಟು ಬಿಚ್ಚಿ ತೋರಿಸುತ್ತಾರೆ. ಮೂಲವನ್ನು ಮನೆಯವರ ಕೈಯಲ್ಲಿಯೇ ಬಿಟ್ಟು, ಯಾವ ಊರಿನ ಯಾರ ಮನೆಯಲ್ಲಿ ಯಾವ ಇಸವಿಯಿಂದ ಯಾವ ಇಸವಿಯ ವರೆಗಿನ, ಯಾವ ಲಿಪಿಯ ಕಾಗದಗಳಿವೆ ಎಂಬಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಮನೆಯವರ ಒಪ್ಪಿಗೆಯೊಡನೆ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಕಳುಹಿಸಿದರೆ ಸಾಕು. ಬರುವ ಬೇಸಗೆಯ ರಜೆಯಲ್ಲಿ ತಾಲೂಕಿಗೆ ಹತ್ತು ಮನೆಗಳಂತೆ ನೋಡಿದರೂ, ಆನರ್ಸ್ ಪ್ರಬಂಧಕ್ಕೆ ವಿಷಯವೇ ಸಿಕ್ಕುವುದಿಲ್ಲವೆಂದು ಹೇಳುವ ಅಧ್ಯಾಪಕರ ಮುಂದೆ ಇಡಲು ಒಂದು ಯಾದಿಯು ಸಿದ್ಧವಾಗುವುದು.